ಕೈ ಬಿಡದ ವಾಸನೆ

ಮೊನ್ನೆ ಭಾನುವಾರ ಬೆಳಿಗ್ಗೆ ನೆರೆಮನೆಯ ಗೃಹಿಣಿಯೊಬ್ಬರು ಚಿಂತಾಕ್ರಾಂತರಾಗಿ ನಮ್ಮ ಮನೆಗೆ ಬಂದರು. ಅವರ ಮಗಳು ವೈದ್ಯಕೀಯ ಕಾಲೇಜಿಗೆ ಸೇರಿ ಇನ್ನೂ ಮೂರು ವಾರ. “ಡಾಕ್ಟರೇ, ಹುಡುಗಿ ಅನ್ನ ಮುಟ್ಟುತ್ತಿಲ್ಲ. ಗಳಿಗೆಗೊಮ್ಮೆ ಕೈ ತೊಳೆಯುತ್ತಾಳೆ. ಕೈಯೆಲ್ಲ ಹೆಣದ ವಾಸನೆ ಎನ್ನುತ್ತಾಳೆ. ನನ್ನ ಮೂಗಿಗೋ ಸೋಪಿನ ಪರಿಮಳವಲ್ಲದೆ ಬೇರೇನೂ ತಿಳಿಯದು. ಓದು ಬಿಡಿಸಿಬಿಡೋಣವೆಂದು ಇವರು ಹೇಳುತ್ತಿದ್ದಾರೆ” ಎಂದರು.

ಬೇರೆಯವರಾಗಿದ್ದರೆ ನಕ್ಕುಬಿಡುತ್ತಿದ್ದರೇನೋ. ನನಗೆ ನಗು ಬರಲಿಲ್ಲ. 1978ರಲ್ಲಿ ನಾನೂ ಹೀಗೆಯೇ ಓದು ಬಿಡುವುದರಲ್ಲಿದ್ದೆ.

ಆ ವಾಸನೆ ಹೆಣದ್ದೆಂದು ಎಲ್ಲರೂ ತಿಳಿಯುತ್ತಾರೆ. ವಾಸ್ತವವಾಗಿ ಅದು ಹೆಣ ಕೆಡದಂತೆ ಕಾಯುವ ದ್ರವದ್ದು. ಅದರಲ್ಲಿ ಮುಖ್ಯವಾದದ್ದು ಫಾರ್ಮಲಿನ್, ಎಂದರೆ ನೀರಿನಲ್ಲಿ ಕರಗಿಸಿದ ಫಾರ್ಮಾಲ್ಡಿಹೈಡ್ ಅನಿಲ. ಜೊತೆಗೆ ಫೀನಾಲ್, ಗ್ಲಿಸರಿನ್ ಮೊದಲಾದವನ್ನು ಸೇರಿಸುವುದುಂಟು. ಜರ್ಮನಿಯ ಫರ್ಡಿನೆಂಡ್ ಬ್ಲುಮ್ ಎಂಬ ವೈದ್ಯ 1893ರಲ್ಲಿ ಈ ದ್ರವ ಕ್ರಿಮಿನಾಶಕವಾಗಿ ಒದಗುವುದೇ ಎಂದು ಪರೀಕ್ಷಿಸುತ್ತಿದ್ದಾಗ ಅವನ ಬೆರಳ ತುದಿಯ ಚರ್ಮ ಗಡುಸಾಯಿತಂತೆ. ಮಾಂಸಖಂಡವನ್ನು ಕೆಡದಂತೆ ಇಡಲು ಇದು ತಕ್ಕದ್ದೆಂದು ಅವನಿಗೆ ಹೊಳೆದದ್ದು ಹಾಗೆ. ಪ್ರೋಟೀನಿನ ಎಳೆಗಳನ್ನು ಒಂದಕ್ಕೊಂದು ಹೆಣೆದು ಬಿಗಿಯುವುದು ಅದರ ಗುಣ. ಆ ಪ್ರೋಟೀನು ಸತ್ತವರದೋ ಬದುಕಿರುವ ವಿದ್ಯಾರ್ಥಿಯದೋ ಎಂಬ ಭೇದ ಅದಕ್ಕಿಲ್ಲ.

ನಮ್ಮ ಕಾಲದಲ್ಲಿ ನಾವು ಬರಿಗೈಯಲ್ಲೇ ಶವಚ್ಛೇದನ ಮಾಡುತ್ತಿದ್ದೆವು. ಮಧ್ಯಾಹ್ನ ಬಸ್ಸಿನಲ್ಲಿ ಪಕ್ಕದವರು ಎದ್ದು ಬೇರೆಡೆ ಕೂರುತ್ತಿದ್ದರು. ಮನೆಯಲ್ಲಿ ಮಡಿಯ ಅಜ್ಜಿ. ಹಿತ್ತಿಲ ಬಾಗಿಲಿನಿಂದಲೇ ಪ್ರವೇಶ. ಬಚ್ಚಲಲ್ಲಿ ಸ್ನಾನವಾದ ಮೇಲೆಯೇ ಒಳಗೆ. ಇಷ್ಟಾಗಿಯೂ ಎಲೆಯ ಮುಂದೆ ಕುಳಿತು ತುತ್ತೆತ್ತಿದರೆ ಅದೇ ವಾಸನೆ. ನಾನು ಚಮಚ ಹಿಡಿದೆ. ಆಮೇಲೆ ಚಮಚದಲ್ಲೂ ಅನ್ನ ಇಳಿಯದಾಯಿತು.

ಅಜ್ಜಿ ಬೈಯಲಿಲ್ಲ. ಒಂದು ದಿನ ಬಟ್ಟಲಲ್ಲಿ ಸೀಗೆಪುಡಿ, ಕಡಲೆಹಿಟ್ಟು ಕಲಸಿ ತಂದು, “ಜಿಡ್ಡಿಗಂಟಿದ್ದು ಜಿಡ್ಡು ಹೋಗದೆ ಹೋಗುವುದಿಲ್ಲ, ಉಜ್ಜಿಕೋ” ಎಂದರು. ಅವರು ರಸಾಯನಶಾಸ್ತ್ರ ಓದಿದವರಲ್ಲ; ಎಣ್ಣೆಸ್ನಾನದ ಅನುಭವ ಅವರದು. ಆದರೂ ಮಾತು ಸರಿಯಾಗಿತ್ತು. ಶವದ ಕೊಬ್ಬಿನ ಜಿಡ್ಡು ಉಗುರಿನ ಸಂದಿಯಲ್ಲಿ ಸೇರಿ, ವಾಸನೆಯನ್ನು ಅಲ್ಲಿಯೇ ಹಿಡಿದಿಡುತ್ತದೆ. ಅದರ ಮೇಲೆ ಅತ್ತರು ಸುರಿದರೆ ಎರಡು ವಾಸನೆಯಾಗುತ್ತದೆಯೇ ಹೊರತು ಒಂದೂ ಹೋಗುವುದಿಲ್ಲ.

ಕೈಯುಜ್ಜುತ್ತಿರುವಾಗ ಅಜ್ಜಿ ಕೇಳಿದರು: “ನಿನ್ನ ಮೇಜಿನ ಮೇಲಿರುವವರು ಯಾರಪ್ಪಾ?”

“ಯಾರೋ, ಹೆಸರಿಲ್ಲ ಅಜ್ಜಿ. ವಾರಸುದಾರರಿಲ್ಲದ ಹೆಣ.”

ನಾನು ಹೇಳಿದ್ದು ನಿಜ. 1957ರ ಅಂಗರಚನಾ ಕಾಯಿದೆಯಂತೆ, ಯಾರೂ ಕೇಳಿಕೊಂಡು ಬಾರದ ದೇಹಗಳು ಕಾಲೇಜುಗಳಿಗೆ ಬರುತ್ತಿದ್ದವು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿನಗೆ ಪಾಠ ಹೇಳುತ್ತಿರುವವರನ್ನು ಹೆಣ ಎನ್ನಬೇಡ” ಎಂದಷ್ಟೇ ಹೇಳಿ ಒಳಗೆ ಹೋದರು.

ಕೆಲವೇ ದಿನಗಳಲ್ಲಿ ಮಹಾಲಯ ಅಮಾವಾಸ್ಯೆ ಬಂತು. ತಂದೆಯವರು ತರ್ಪಣಕ್ಕೆ ಕುಳಿತಿದ್ದರು. ಪಿತೃಗಳು ಮುಗಿದು ಬಂಧುಗಳ, ಗುರುಗಳ, ಸ್ನೇಹಿತರ ಸರದಿ ಬಂದಾಗ ಅಜ್ಜಿ ಬಾಗಿಲ ಬಳಿಯಿಂದಲೇ, “ಹುಡುಗನ ಗುರುಗಳೊಬ್ಬರು ಹೋಗಿದ್ದಾರೆ. ಅವರಿಗೂ ಬಿಡಪ್ಪಾ” ಎಂದರು. ಪುರೋಹಿತರು ಹೆಸರು, ಗೋತ್ರ ಕೇಳಿದರು. “ಗೊತ್ತಿಲ್ಲ” ಎಂದರು ಅಜ್ಜಿ. ಗೋತ್ರ ತಿಳಿಯದವರಿಗೆ ಕಾಶ್ಯಪ ಗೋತ್ರವೆಂದು ಹೇಳುವ ರೂಢಿಯುಂಟು. ಪುರೋಹಿತರು ಒಮ್ಮೆ ಅಜ್ಜಿಯ ಮುಖ ನೋಡಿ ಹಾಗೆಯೇ ಹೇಳಿಸಿದರು. ಆತ ಯಾವ ಜಾತಿಯವನೋ, ಯಾವ ಮತದವನೋ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ. ಅಂದು ನಾನು ಚಮಚವಿಲ್ಲದೆ ಊಟ ಮಾಡಿದೆ.

ವಾಸನೆ ಅಂದೇ ಹೋಯಿತೆಂದು ಹೇಳಲಾರೆ. ಆದರೆ ನನ್ನನ್ನು ಕಾಡುತ್ತಿದ್ದದ್ದು ಬರಿಯ ವಾಸನೆಯಲ್ಲವೆಂಬುದು ತಿಳಿಯಿತು. ಅನಾಥನೊಬ್ಬನ ಮೈಯನ್ನು ಕೊಯ್ದು ಬಂದು ಉಣ್ಣುತ್ತಿದ್ದೇನೆಂಬ ಅಳುಕು ಅದು. ನೋಟ, ಶ್ರವಣಗಳ ಸುದ್ದಿ ಮಿದುಳಿನಲ್ಲಿ ಥಲಾಮಸ್ ಎಂಬ ನಡುಮನೆಯನ್ನು ಹಾದು ಹೋಗಬೇಕು. ಘ್ರಾಣದ ಸುದ್ದಿಯಾದರೋ ಅದನ್ನು ಹಾಯದೆಯೇ ಭಾವನೆ, ನೆನಪುಗಳ ಕೇಂದ್ರಗಳನ್ನು ಮುಟ್ಟಬಲ್ಲದು. ಕೈ ಶುದ್ಧವಾದ ಮೇಲೂ ಮನಸ್ಸು ವಾಸನೆಯನ್ನು ಕಾಣುವುದು ಆಶ್ಚರ್ಯವೇನಲ್ಲ.

ನೆರೆಮನೆಯ ತಾಯಿಗೆ ನಾನು ಹೇಳಿದ್ದನ್ನು ಇಂಥ ಮಕ್ಕಳಿರುವ ಎಲ್ಲ ಮನೆಗಳಿಗೂ ಹೇಳುತ್ತೇನೆ. ಬರಿಗೈಯ ಕಾಲ ಹೋಯಿತು. ತೆಳು ರಬ್ಬರಿನ ಕೈಗವಸಿಗಿಂತ ನೈಟ್ರೈಲ್ ಕೈಗವಸು ಫಾರ್ಮಲಿನ್ನನ್ನು ಚೆನ್ನಾಗಿ ತಡೆಯುತ್ತದೆ. ಹರಿದರೆ ಆಗಲೇ ಬದಲಿಸಬೇಕು. ಛೇದನಕ್ಕೆಂದೇ ಒಂದು ಕೋಟು ಇರಲಿ. ಅದನ್ನು ಬೇರೆ ಚೀಲದಲ್ಲಿ ತಂದು, ಮನೆಯ ಬಟ್ಟೆಗಳೊಡನೆ ಸೇರಿಸದೆ ಒಗೆಯಬೇಕು. ತಲೆಗೂದಲನ್ನು ಟೋಪಿಯೊಳಗೆ ಮುಚ್ಚಬೇಕು. ಕಣ್ಣೊಳಗಿಡುವ ಲೆನ್ಸ್ ಬೇಡ, ಕನ್ನಡಕವೇ ಲೇಸು. ಕೈಯನ್ನು ಸೋಪು ಹಚ್ಚಿ, ಉಗುರುಗಳನ್ನು ಬ್ರಷ್ಷಿನಿಂದ ಉಜ್ಜಿ ತೊಳೆದರೆ ಸಾಕು. ಪದೇ ಪದೇ ತೊಳೆದರೆ ಚರ್ಮ ಬಿರಿಯುತ್ತದೆ. ಕಿಟಕಿ, ಫ್ಯಾನು ಸರಿಯಿಲ್ಲದಿದ್ದರೆ ವಿದ್ಯಾರ್ಥಿಗಳು ಸೇರಿ ಅಧ್ಯಾಪಕರಿಗೆ ತಿಳಿಸುವುದು ಅವಿಧೇಯತೆಯಲ್ಲ. ಉಬ್ಬಸ ಬಂದರೆ, ಚರ್ಮದಲ್ಲಿ ತುರಿಕೆಯೆದ್ದರೆ ಸಹಿಸಿಕೊಂಡಿರುವುದು ಶೌರ್ಯವಲ್ಲ. ಈ ಅನಿಲವನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ.

ಇವೆಲ್ಲ ಕೈಯ ಮಾತು. ಮನಸ್ಸಿಗೆ ಬೇಕಾದದ್ದನ್ನು ಮನೆಯವರೇ ಕೊಡಬೇಕು. ಕೆಲವು ದಿನ ಚಮಚದಲ್ಲಿ ಉಂಡರೆ ಉಣ್ಣಲಿ. ಮೂಗು ಮುಚ್ಚಿಕೊಂಡು ಹಾಸ್ಯ ಮಾಡಬೇಡಿ. ಇಂದು ಅನೇಕರು ಬದುಕಿರುವಾಗಲೇ ಬರೆದಿಟ್ಟು ತಮ್ಮ ದೇಹವನ್ನು ದಾನ ಮಾಡುತ್ತಾರೆ. ಅನೇಕ ಕಾಲೇಜುಗಳಲ್ಲಿ ಮಕ್ಕಳು ಕತ್ತರಿ ಹಿಡಿಯುವ ಮೊದಲು ಆ ದೇಹದ ಮುಂದೆ ನಿಂತು ಗೌರವದ ಪ್ರತಿಜ್ಞೆ ಮಾಡುತ್ತಾರೆ. ಆ ಮೇಜಿನ ಮೇಲಿರುವವರ ವಿಷಯವನ್ನು ಮಗುವಿನೊಡನೆ ಮಾತನಾಡಿ.

ಸಂಜೆ ಆ ಹುಡುಗಿಯೇ ಬಂದಳು. “ಇದು ಎಂದಾದರೂ ಹೋಗುತ್ತದೆಯೇ ಅಂಕಲ್?” ಎಂದು ಕೇಳಿದಳು.

“ಕೈಯಿಂದ ಹೋಗುತ್ತದೆಯಮ್ಮ” ಎಂದೆ. ನೆನಪಿನಿಂದ ಹೋಗುವುದಿಲ್ಲವೆಂಬುದನ್ನು ಹೇಳಲಿಲ್ಲ. ಇಂದಿಗೂ ಆ ವಾಸನೆ ಎಲ್ಲಿಯಾದರೂ ಮೂಗಿಗೆ ಬಡಿದರೆ, ಅದರ ಹಿಂದೆಯೇ ಅಜ್ಜಿಯ ಬಟ್ಟಲಿನ ಸೀಗೆಯ ವಾಸನೆಯೂ ಬಂದು ನಿಲ್ಲುತ್ತದೆ.