ಬಾಲಚರ ದಳದ ಆಯ್ಕೆ

ಶಾಲೆಗಳು ತೆರೆದೊಡನೆ ಮಗನನ್ನು ಯಾವ ಬಾಲಚರ ದಳಕ್ಕೆ ಸೇರಿಸತಕ್ಕುದೆಂಬ ವಿಚಾರವು ಅನೇಕ ಮನೆಗಳಲ್ಲಿ ಏಳುತ್ತದೆ. ತಾಯಿತಂದೆಗಳಲ್ಲಿ ಬಹುಮಂದಿ ಸಮವಸ್ತ್ರದ ಮೆರುಗನ್ನೂ ಗೋಡೆಗೆ ತೂಗಿದ ಪ್ರಶಸ್ತಿಪತ್ರಗಳ ಸಂಖ್ಯೆಯನ್ನೂ ಕಂಡು ತೀರ್ಮಾನಿಸುವರು. ಈ ಅಳತೆಗೋಲು ಸರಿಯಾದುದಲ್ಲವೆಂದು ನಾವು ಸ್ಪಷ್ಟವಾಗಿ ಹೇಳಬೇಕಾಗಿದೆ.

ಈ ಚಳವಳಿಯು ನಮಗೆ ಸುಲಭವಾಗಿ ದೊರೆತುದಲ್ಲ. 1909ರಲ್ಲಿ ಬೆಂಗಳೂರಿನಲ್ಲಿ ಭಾರತದ ಮೊದಲ ಸ್ಕೌಟ್ ದಳವು ಹುಟ್ಟಿದಾಗ ಅದರ ಬಾಗಿಲು ಭಾರತೀಯ ಬಾಲಕರಿಗೆ ಮುಚ್ಚಿತ್ತು. 1916ರಲ್ಲಿ ಆನಿ ಬೆಸೆಂಟರು ಮದರಾಸಿನಲ್ಲಿ ಅವರಿಗಾಗಿಯೇ ಸಂಘವನ್ನು ಕಟ್ಟಿದರು. ಉತ್ತರದಲ್ಲಿ ಮದನಮೋಹನ ಮಾಳವೀಯರೂ ಹೃದಯನಾಥ ಕುಂಜ್ರೂ ಅವರೂ ಸೇವಾಸಮಿತಿಯ ದಳಗಳನ್ನು ಬೆಳೆಯಿಸಿದರು. ಬೇರೆಬೇರೆಯಾಗಿದ್ದ ಸಂಘಗಳು 1950ರ ನವೆಂಬರ್ 7ರಂದು ಭಾರತ ಸ್ಕೌಟ್ಸ್ ಮತ್ತು ಗೈಡ್ಸ್ ಎಂಬ ಒಂದೇ ಸಂಸ್ಥೆಯಾಗಿ ಕೂಡಿದವು. ಹಿರಿಯರು ಹೀಗೆ ಗಳಿಸಿಕೊಟ್ಟುದನ್ನು ಆಗಸ್ಟ್ 15ರ ಮೆರವಣಿಗೆಯ ವೇಷವನ್ನಾಗಿ ಇಳಿಸುವುದು ನಮಗೆ ತರವೆ?

ದಳದ ಜೀವವು ಅದರ ತುಕಡಿಗಳಲ್ಲಿದೆ. ಆರರಿಂದ ಎಂಟು ಹುಡುಗರು, ಅವರಲ್ಲಿಯೇ ಒಬ್ಬ ನಾಯಕ. ನಾಯಕರೆಲ್ಲ ಕೂಡಿ ದಳದ ವ್ಯವಹಾರವನ್ನು ನಿರ್ಣಯಿಸುವ ಸಭೆ. 1907ರಲ್ಲಿ ಬ್ರೌನ್‌ಸೀ ದ್ವೀಪದ ಮೊದಲ ಶಿಬಿರದಲ್ಲಿಯೇ ಬೇಡನ್ ಪೊವೆಲರು ಹುಡುಗರನ್ನು ನಾಲ್ಕು ತುಕಡಿಗಳಾಗಿ ಹಂಚಿದ್ದರು. ತಮ್ಮ ಕೆಲಸವನ್ನು ತಾವೇ ಆಳಿಕೊಳ್ಳುವ ಈ ಅಭ್ಯಾಸವು ಸ್ವರಾಜ್ಯದ ಮೊದಲ ಪಾಠವೇ ಸರಿ. ಆದುದರಿಂದ ತಂದೆಯಾದವನು ವಾರದ ಕೂಟವೊಂದಕ್ಕೆ ಹೋಗಿ ನೋಡಲಿ. ಅಲ್ಲಿ ಮಾಸ್ತರರ ಸೀಟಿಯೊಂದೇ ಕೇಳಿಸುತ್ತಿದ್ದು, ಹುಡುಗರು ಸೂತ್ರದ ಗೊಂಬೆಗಳಂತೆ ನಿಂತಿದ್ದರೆ ಆ ದಳವು ಬೇಡ. ಹಿಂದಿನ ಶಿಬಿರದಲ್ಲಿ ಅಡಿಗೆ ಮಾಡಿದವರು ಯಾರು, ಎಲ್ಲ ಜಾತಿಯ ಹುಡುಗರೂ ಒಂದೇ ಪಂಕ್ತಿಯಲ್ಲಿ ಉಂಡರೆ ಎಂದು ಹುಡುಗರನ್ನೇ ಕೇಳಲಿ. ಬಾಲಚರನು ಎಲ್ಲರ ಮಿತ್ರನೆಂಬ ನಿಯಮವು ಪಾಲನೆಯಾಗುತ್ತಿದೆಯೇ ಎಂಬುದು ಅಲ್ಲಿ ತಿಳಿಯುವುದು.

ಮಾಸ್ತರರ ವಿಷಯವು ಇನ್ನೂ ಮುಖ್ಯವಾದುದು. ಅವರು ತರಬೇತಿ ಪಡೆದವರೇ, ಸ್ವಂತ ಇಷ್ಟದಿಂದ ಬಂದವರೇ ಅಥವಾ ಕಡತಕ್ಕಾಗಿ ನೇಮಿಸಲ್ಪಟ್ಟವರೇ? ಶಿಬಿರಕ್ಕೆ ಎಷ್ಟು ಮಂದಿ ದೊಡ್ಡವರು ಜೊತೆಗೆ ಹೋಗುವರು? ಪ್ರಥಮ ಚಿಕಿತ್ಸೆ ಬಲ್ಲವರು ಯಾರು? ಇಂತಹ ಪ್ರಶ್ನೆಗಳಿಗೆ ಮುಖ ಸಿಂಡರಿಸುವವರ ವಶಕ್ಕೆ ಮಗುವನ್ನು ಒಂದು ರಾತ್ರಿಯೂ ಒಪ್ಪಿಸಕೂಡದು.

ಪ್ರಶಸ್ತಿಯಿಂದ ಮುಂದೆ ನೌಕರಿಗೆ ಅನುಕೂಲವಲ್ಲವೆ ಎಂದು ಕೆಲವರು ಕೇಳುವರು. ರೈಲ್ವೆ ಇಲಾಖೆಯಲ್ಲಿ ಸ್ಕೌಟುಗಳಿಗೆಂದು ಕೋಟಾ ಇರುವುದು ನಿಜ. ಆದರೆ ಹಗ್ಗದ ಗಂಟೊಂದನ್ನು ಹಾಕಲರಿಯದವನ ಎದೆಯ ಮೇಲೆ ಪದಕವನ್ನು ತೂಗಿದರೆ ಆ ಹುಡುಗನಿಗೆ ಕಲಿಸಿದಂತಾಗುವುದು ಸುಳ್ಳನ್ನೇ ಹೊರತು ಸೇವೆಯನ್ನಲ್ಲ.

ವಿದ್ಯಾ ಇಲಾಖೆಯ ಅಧಿಕಾರಿಗಳೂ ದಳಗಳ ಸಂಖ್ಯೆಯನ್ನು ವರದಿಯಲ್ಲಿ ಎಣಿಸಿ ಸುಮ್ಮನಾಗದೆ, ಕೂಟಗಳು ನಡೆಯುತ್ತಿವೆಯೇ ಎಂದು ಕಣ್ಣಾರೆ ನೋಡಬೇಕು. ಹತ್ತು ಹುಡುಗರ ಬಡ ದಳವಾದರೂ ಚಿಂತೆಯಿಲ್ಲ. ಹುಡುಗರು ತಾವೇ ನಡೆಯಿಸುವ ದಳವಾಗಿದ್ದರೆ ಅದನ್ನೇ ಆರಿಸಿಕೊಳ್ಳಿರೆಂದು ತಾಯಿತಂದೆಗಳಿಗೆ ನಮ್ಮ ಸೂಚನೆ.