ರೋಗಿಯ ಆರೈಕೆಯನ್ನು ಪರರ ಕೈಗೆ ಒಪ್ಪಿಸುವ ವಿಷಯ

ನಮ್ಮ ಶಾಲೆಯಲ್ಲಿ ಕಲಿತು ದಾದಿಯರ ಕೆಲಸಕ್ಕೆ ಸೇರಿದವರು ಹಳೆಯ ವಿದ್ಯಾರ್ಥಿನಿಯರ ಕೂಟಕ್ಕೆ ಬಂದಾಗ ನಮ್ಮನ್ನು ಕಂಡು ಹೋಗುವ ವಾಡಿಕೆಯುಂಟು. ಹೊಸದರಲ್ಲಿ ಅವರು ಹೇಳುವುದೆಲ್ಲ ನಿದ್ದೆಗೆಟ್ಟ ಮಾತು. ನಾಲ್ಕಾರು ವರುಷ ಕಳೆದು ವಾರ್ಡಿನ ಮೇಲ್ವಿಚಾರಣೆ ಕೈಗೆ ಬಂದ ಮೇಲೆ ಧಾಟಿಯೇ ಬೇರೆಯಾಗುವುದು: "ಟೀಚರ್, ಮಾಡುವುದು ಸುಲಭ, ಮಾಡಿಸುವುದು ಕಷ್ಟ." ಈ ಕಷ್ಟವನ್ನು ಕುರಿತು ನಮಗೆ ತೋರಿದುದನ್ನು ಇಲ್ಲಿ ಬರೆಯುತ್ತೇವೆ. ಮಗಳನ್ನು ದಾದಿಯರ ಶಿಕ್ಷಣಕ್ಕೆ ಕಳುಹಿಸಬೇಕೆಂದಿರುವ ತಾಯಿತಂದೆಗಳೂ ಇದನ್ನು ಓದಬೇಕೆಂದು ನಮ್ಮ ಅಪೇಕ್ಷೆ.

ಒಬ್ಬ ದಾದಿಯ ವಶದಲ್ಲಿ ಮೂವತ್ತು ರೋಗಿಗಳಿರುವ ವಾರ್ಡನ್ನು ನಾವು ಕಣ್ಣಾರೆ ನೋಡಿದ್ದೇವೆ. ಅಂಥಲ್ಲಿ ಎಲ್ಲವನ್ನೂ ತಾನೇ ಮಾಡುವೆನೆಂದು ಹೊರಟವಳು ಯಾವುದನ್ನೂ ನೆಟ್ಟಗೆ ಮಾಡಲಾರಳು. ಆದಕಾರಣ ಹಂಚಿಕೊಡುವುದು ತಪ್ಪಲ್ಲ. ನಮ್ಮ ಆಕ್ಷೇಪವಿರುವುದು ಹಂಚುವ ಕ್ರಮದಲ್ಲಿ. ರೋಗಿಯ ಸ್ಥಿತಿಯನ್ನು ನೋಡಿ ಹಂಚುವುದಕ್ಕಿಂತ, ಆ ಕೆಲಸವು ಮೈಲಿಗೆಯದೋ ಅಲ್ಲವೋ ಎಂದು ನೋಡಿ ಹಂಚುವುದೇ ನಮ್ಮಲ್ಲಿ ಹೆಚ್ಚು. ಮಲಮೂತ್ರದ ಪಾತ್ರೆ, ಮೈಯೊರೆಸುವುದು, ಹಾಸಿಗೆ ಬದಲಾಯಿಸುವುದು ಆಯಾಳ ಪಾಲು. ಸೂಜಿಮದ್ದು, ಬರೆಯುವ ಪುಸ್ತಕ ದಾದಿಯ ಪಾಲು. "ನಮ್ಮ ಹುಡುಗಿ ಇಷ್ಟು ಓದಿಯೂ ಬೆಡ್‌ಪ್ಯಾನ್ ಎತ್ತಬೇಕೇ?" ಎಂದು ನಮ್ಮ ಕೊಠಡಿಗೇ ಬಂದು ಕೇಳಿದ ತಂದೆಯರುಂಟು. ಅವರಲ್ಲಿ ತಪ್ಪದೆ ದೇವಾಲಯಕ್ಕೆ ಬರುವ ನಮ್ಮವರೂ ಇದ್ದರೆಂಬುದನ್ನು ನಾಚಿಕೆಯಿಂದಲೇ ಹೇಳಬೇಕಾಗಿದೆ.

ಆದರೆ ಬಹುದಿನ ಮಲಗಿದ ರೋಗಿಯ ಸೊಂಟದ ಹಿಂಬದಿಯೂ ಹಿಮ್ಮಡಿಯೂ ಕೆಂಪಾಗಿರುವುದು ಮೈಯೊರೆಸುವಾಗಲಲ್ಲದೆ ಮತ್ತಾವಾಗ ಕಣ್ಣಿಗೆ ಬೀಳುವುದು? ಒತ್ತಿದರೂ ಮಾಸದ ಆ ಕೆಂಪು ಹಾಸಿಗೆಹುಣ್ಣಿನ ಮೊದಲ ಗುರುತು. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದೆ, ಬಣ್ಣ ತುಸು ಬೇರೆಯಾಗಿ, ಮುಟ್ಟಿದರೆ ಬೆಚ್ಚಗೋ ಗಟ್ಟಿಯಾಗಿಯೋ ತೋರುವುದುಂಟು. ಕಲಿತ ಕೈಗಲ್ಲದೆ ಅದು ತಿಳಿಯದು. ಮೂತ್ರ ಕಡಿಮೆಯಾದದ್ದು, ಮಲ ಕಪ್ಪಾದದ್ದು ಪಾತ್ರೆ ಎತ್ತಿದವಳಿಗೇ ಮೊದಲು ಕಾಣುವುದು. ಪಾತ್ರೆಯನ್ನು ಆಯಾ ಎತ್ತಲಿ, ಬೇಡವೆನ್ನೆವು. ಏನು ಕಂಡರೆ ಚೆಲ್ಲದೆ ಇಟ್ಟು ದಾದಿಯನ್ನು ಕರೆಯಬೇಕೆಂದು ಅವಳಿಗೆ ಹೇಳಿದವರಾರು?

ಹೀಗೆ ಕೇಳುವ ನಾವೂ ಇದನ್ನು ತಪ್ಪು ಮಾಡಿಯೇ ಕಲಿತೆವು. ಅನೇಕ ವರುಷಗಳ ಹಿಂದೆ ಬೋರ್ಡಿಂಗಿನಲ್ಲಿ ಜ್ವರ ಹಬ್ಬಿದಾಗ, ದೊಡ್ಡ ಹುಡುಗಿಯೊಬ್ಬಳ ಕೈಗೆ ಥರ್ಮಾಮೀಟರು ಕೊಟ್ಟು, ಒಂದು ಮಗುವಿನ ಜ್ವರವನ್ನು ನಾಲ್ಕು ಗಂಟೆಗೊಮ್ಮೆ ನೋಡಿ ಬರೆದಿಡೆಂದು ಹೇಳಿ ಮಲಗಿದೆವು. ಬೆಳಗ್ಗೆ ನೋಡಿದರೆ ದುಂಡಾದ ಅಕ್ಷರದಲ್ಲಿ ಬರೆದಿತ್ತು: 101, 103, 104. "ನಮ್ಮನ್ನೇಕೆ ಎಬ್ಬಿಸಲಿಲ್ಲ?" ಎಂದೆವು. "ಬರೆದಿಡು ಎಂದಿರಿ, ಟೀಚರ್, ಎಬ್ಬಿಸು ಎನ್ನಲಿಲ್ಲ." ಮಗುವು ದೇವರ ದಯೆಯಿಂದ ಗುಣವಾಯಿತು. ಬರೆದವಳನ್ನು ಗದರಿಸಲು ನಮಗೆ ಬಾಯಿರಲಿಲ್ಲ.

ತಾನು ಇಲ್ಲದಾಗಲೂ ಕೆಲಸವು ನಡೆಯುವಂತೆ ಏರ್ಪಡಿಸುವುದನ್ನು ಕುರಿತು ಫ್ಲಾರೆನ್ಸ್ ನೈಟಿಂಗೇಲಳು ತನ್ನ ಶುಶ್ರೂಷೆಯ ಪುಸ್ತಕದಲ್ಲಿ ಒಂದು ಅಧ್ಯಾಯವನ್ನೇ ಬರೆದಿದ್ದಾಳೆ. ಅಮೆರಿಕದ ದಾದಿಯರ ಸಂಘವೂ ಅಲ್ಲಿಯ ದಾದಿಯರ ಮಂಡಲಿಗಳ ಒಕ್ಕೂಟವೂ ಕೂಡಿ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಇನ್ನೂ ಬಿಗಿಯಾದುದು. ಕೆಲಸವನ್ನು ಒಪ್ಪಿಸಬಹುದು, ವಿವೇಚನೆಯನ್ನು ಒಪ್ಪಿಸಲಾಗದು, ಒಪ್ಪಿಸಿದ ಮೇಲೂ ರೋಗಿಯ ಹೊಣೆಯು ದಾದಿಯದೇ ಎಂಬುದು ಅದರ ತಾತ್ಪರ್ಯ. ಕೈಗೊಂಡವಳಿಗೂ ತನಗೆ ಬಾರದ ಕೆಲಸವನ್ನು ಬಾರದೆಂದು ಹೇಳುವ ಸ್ವಾತಂತ್ರ್ಯವಿರಬೇಕು. "ಏ ಇವಳೇ" ಎಂದು ಕೂಗಿಸಿಕೊಳ್ಳುವ ಆಯಾ ಆ ಮಾತನ್ನು ಹೇಗೆ ತಾನೇ ಆಡಿಯಾಳು? ಮೇಲ್ವಿಚಾರಣೆಯೆಂದರೆ ಬಾಗಿಲಲ್ಲಿ ನಿಂತು "ಆಯಿತೇ?" ಎನ್ನುವುದೂ ಅಲ್ಲ. ಹತ್ತಿರ ಹೋಗಿ ಹೊದಿಕೆ ಸರಿಸಿ ನೋಡಬೇಕು.

ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ವಾರ್ಡಿನ ಮುಖ್ಯಸ್ಥೆಯಾದ ಮೇಲೂ ದಿನಕ್ಕೊಬ್ಬ ರೋಗಿಯ ಮೈಯನ್ನು ಆಯಾಳ ಜೊತೆಗೆ ತಾನೂ ಒರೆಸುತ್ತಾಳೆ. ಜೊತೆಯ ದಾದಿಯರು ಮೊದಮೊದಲು ನಕ್ಕರಂತೆ. ಕಳೆದ ಕೂಟದಲ್ಲಿ ಅವಳು ಹೇಳಿದಳು: "ಈಗ ನಾನು ಕೇಳುವ ಮೊದಲೇ ಆಯಮ್ಮನೇ ಬಂದು, 'ಸಿಸ್ಟರಮ್ಮ, ಆರನೇ ಮಂಚದ ಅಜ್ಜಿಯ ಹಿಮ್ಮಡಿ ಸ್ವಲ್ಪ ನೋಡಿ' ಎನ್ನುತ್ತಾರೆ, ಟೀಚರ್."