ಟ್ರೆವರ್ ನೋಹ್: ಬಲ್ಲ ನೆಲದಲ್ಲಿ ಗೆದ್ದ ನಗೆ, ಅರಿಯದ ನಾಡಿನಲ್ಲಿ ಎಡವಿದ ಮಾತು

ಮಾತನ್ನೇ ಬಂಡವಾಳ ಮಾಡಿಕೊಂಡ ಕಲಾವಿದನ ಮಾತು ಸಭಿಕರ ಕಿವಿಗೇ ಬೀಳದಿದ್ದರೆ ಏನಾಗುತ್ತದೆ? ಬೆಂಗಳೂರಿಗರು ಅದನ್ನು 2023ರ ಸೆಪ್ಟೆಂಬರ್ 27ರಂದು ಕಂಡರು. ದಕ್ಷಿಣ ಆಫ್ರಿಕಾದ ಹಾಸ್ಯಗಾರ ಟ್ರೆವರ್ ನೋಹ್ ದೆಹಲಿಯಲ್ಲಿ ಪ್ರದರ್ಶನ ಮುಗಿಸಿ ನಗರಕ್ಕೆ ಆಗಮಿಸಿದ್ದರು. ಸಂಚಾರ ದಟ್ಟಣೆಯಲ್ಲಿ ಸಿಲುಕಿ ತಡವಾಗಿ ವೇದಿಕೆ ತಲುಪಿದರು. ಕಾದು ಕುಳಿತಿದ್ದ ಪ್ರೇಕ್ಷಕರಿಗೆ ವೇದಿಕೆಯ ಮಾತು ಸರಿಯಾಗಿ ಕೇಳಿಸಲಿಲ್ಲ. ಧ್ವನಿ ವ್ಯವಸ್ಥೆಯನ್ನು ಸರಿಪಡಿಸುವ ಯತ್ನ ಫಲಿಸದೆ, ಅಂದಿನ ಹಾಗೂ ಮರುದಿನದ ಎರಡೂ ಪ್ರದರ್ಶನಗಳು ರದ್ದಾದವು. ನೋಹ್ ಬಹಿರಂಗವಾಗಿ ಕ್ಷಮೆ ಕೋರಿದರು. ಟಿಕೆಟ್ ಹಣ ಹಿಂದಿರುಗಿಸುವುದಾಗಿ ಪ್ರಕಟಿಸಲಾಯಿತು.

ಆಗ ನಡೆದ ಚರ್ಚೆಯೆಲ್ಲ ನಮ್ಮ ರಸ್ತೆಗಳ ಮತ್ತು ಸಭಾಂಗಣಗಳ ದುಸ್ಥಿತಿಯ ಸುತ್ತಲೇ ಸುತ್ತಿತು. ಅದು ಸಹಜವೇ. ಆದರೆ ಅಂದು ಬೆಂಗಳೂರು ಕೇಳಲಾಗದೆ ಹೋದ ಆ ಮಾತಿನ ಹಿನ್ನೆಲೆ ಏನು, ಜೋಹಾನ್ಸ್‌ಬರ್ಗಿನ ಕರಿಯರ ಬಡಾವಣೆಯಲ್ಲಿ ಬೆಳೆದ ಹುಡುಗನೊಬ್ಬ ಅಮೆರಿಕದ ರಾಜಕೀಯ ವಿಡಂಬನೆಯ ಅತ್ಯಂತ ಪ್ರತಿಷ್ಠಿತ ಕುರ್ಚಿಯೊಂದನ್ನು ಏರಿದ್ದು ಹೇಗೆ ಎಂಬುದು ಅಷ್ಟಾಗಿ ಚರ್ಚೆಗೆ ಬರಲಿಲ್ಲ. ಅವರ ವೃತ್ತಿಜೀವನವನ್ನು ಇಡಿಯಾಗಿ ಅವಲೋಕಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಯಾರ ನುಡಿ ಮತ್ತು ಬದುಕನ್ನು ಅವರು ಒಳಗಿನಿಂದ ಬಲ್ಲರೋ ಅಲ್ಲಿ ಅವರ ನಗೆ ಗೆದ್ದಿದೆ. ಬಲ್ಲದ ಜನರನ್ನು ದೂರದಿಂದ ನೋಡಿ ನಕ್ಕಾಗ ಅದು ಎಡವಿದೆ.

ಕಾನೂನಿಗೆ ವಿರುದ್ಧವಾದ ಜನನ

ನೋಹ್ ಹುಟ್ಟಿದ್ದು 1984ರ ಫೆಬ್ರವರಿ 20ರಂದು. ತಾಯಿ ಪ್ಯಾಟ್ರಿಷಿಯಾ ಷೋಸಾ ಜನಾಂಗದ ಕಪ್ಪು ಮಹಿಳೆ. ತಂದೆ ಸ್ವಿಟ್ಜರ್ಲೆಂಡ್ ಮೂಲದ ಬಿಳಿಯ. ಅಂದಿನ ದಕ್ಷಿಣ ಆಫ್ರಿಕಾದಲ್ಲಿ ಇಂಥ ಸಂಬಂಧವೇ ಅಪರಾಧವಾಗಿತ್ತು. 1927ರ ಅನೈತಿಕತಾ ಕಾಯ್ದೆ ಬಿಳಿಯರು ಮತ್ತು ಕರಿಯರ ನಡುವಿನ ದೈಹಿಕ ಸಂಬಂಧವನ್ನು ನಿಷೇಧಿಸಿ, ಪುರುಷನಿಗೆ ಐದು ವರ್ಷ, ಮಹಿಳೆಗೆ ನಾಲ್ಕು ವರ್ಷಗಳವರೆಗೆ ಸೆರೆವಾಸ ವಿಧಿಸಿತ್ತು. 1949ರ ಕಾಯ್ದೆ ವಿವಾಹವನ್ನೂ ನಿಷೇಧಿಸಿತು. ಈ ನಿರ್ಬಂಧಗಳು ತೆರವಾದದ್ದು 1985ರಲ್ಲಿ, ಅಂದರೆ ನೋಹ್ ಹುಟ್ಟಿದ ಮರುವರ್ಷ. ತಮ್ಮ ಆತ್ಮಕಥನಕ್ಕೆ ಅವರು 'ಬಾರ್ನ್ ಎ ಕ್ರೈಮ್' (ಹುಟ್ಟೇ ಅಪರಾಧ) ಎಂದು ಹೆಸರಿಟ್ಟದ್ದು ಉತ್ಪ್ರೇಕ್ಷೆಯಲ್ಲ, ಕಾನೂನಿನ ದೃಷ್ಟಿಯಿಂದ ಅಕ್ಷರಶಃ ಸತ್ಯ.

ಹೊರಗೆ ಹೋಗುವಾಗ ತಾಯಿ ಮಗನ ಕೈ ಹಿಡಿದು ನಡೆಯುವಂತಿರಲಿಲ್ಲ. ಮಿಶ್ರವರ್ಣೀಯ ಮಹಿಳೆಯೊಬ್ಬರನ್ನು ತಾಯಿಯಂತೆ ಜೊತೆಗೆ ನಡೆಸಿ, ಹೆತ್ತವಳು ಮನೆಗೆಲಸದವಳಂತೆ ಹಿಂದೆ ಹೆಜ್ಜೆ ಹಾಕುತ್ತಿದ್ದರು. ಸೊವೆಟೊದ ಅಜ್ಜಿಯ ಮನೆಯಲ್ಲಿ ಮೊಮ್ಮಗನನ್ನು ಅಂಗಳ ದಾಟಲು ಬಿಡುತ್ತಿರಲಿಲ್ಲ. ಪೊಲೀಸರ ಕಣ್ಣಿಗೆ ಬಿದ್ದರೆ ಮಗುವನ್ನು ಕೊಂಡೊಯ್ಯುವ ಭಯವಿತ್ತು. ಕರಿಯರ ನಡುವೆ ಆತ ಬಿಳಿಯನಂತೆ, ಬಿಳಿಯರ ನಡುವೆ ಕರಿಯನಂತೆ, ಮಿಶ್ರವರ್ಣೀಯರ ನಡುವೆ ಪರಕೀಯನಂತೆ ಕಾಣುತ್ತಿದ್ದ. ಇಂಥ ಹುಡುಗನಿಗೆ ಆಸರೆಯಾದದ್ದು ಭಾಷೆ.

ನುಡಿಯೇ ರಕ್ಷೆ

ವರ್ಣಭೇದದ ಸರಕಾರ ಕರಿಯರನ್ನು ಆಳಿದ್ದು ಬಲದಿಂದ ಮಾತ್ರವಲ್ಲ, ಒಡೆಯುವ ನೀತಿಯಿಂದಲೂ ಹೌದು. ಜುಲು, ಷೋಸಾ, ಸೋತೋ, ತ್ಸ್ವಾನಾ, ತ್ಸೊಂಗಾ ಭಾಷಿಕರಿಗೆ ಪ್ರತ್ಯೇಕ ಶಾಲೆ, ಪ್ರತ್ಯೇಕ 'ತಾಯ್ನಾಡು' ಕಲ್ಪಿಸಿ, ಅವರು ಒಂದಾಗದಂತೆ ನೋಡಿಕೊಳ್ಳಲಾಯಿತು. ನೋಹ್ ಅವರ ತಾಯಿ ಇದಕ್ಕೆ ಕಂಡುಕೊಂಡ ಪರಿಹಾರ ಸರಳವಾಗಿತ್ತು. ಮಗನಿಗೆ ಮೊದಲು ಇಂಗ್ಲಿಷ್ ಕಲಿಸಿದರು. ಜೊತೆಗೆ ಸುತ್ತಲಿನ ನುಡಿಗಳೂ ಬರುವಂತೆ ಮಾಡಿದರು. ಹುಡುಗ ಆಫ್ರಿಕಾನ್ಸ್ ಸೇರಿದಂತೆ ಆರೇಳು ಭಾಷೆಗಳಲ್ಲಿ ವ್ಯವಹರಿಸುವಷ್ಟು ಪಳಗಿದ.

ಆತ್ಮಕಥನದಲ್ಲಿ ಬರುವ ಒಂದು ಪ್ರಸಂಗ ಇಲ್ಲಿ ಉಲ್ಲೇಖಾರ್ಹ. ರಸ್ತೆಯಲ್ಲಿ ಒಂಟಿಯಾಗಿ ನಡೆಯುತ್ತಿದ್ದಾಗ ಕೆಲವು ಜುಲು ಯುವಕರು ಬೆನ್ನಟ್ಟಿ, 'ಈ ಬಿಳಿಯನನ್ನು' ದೋಚುವ ಬಗ್ಗೆ ತಮ್ಮತಮ್ಮಲ್ಲೇ ಮಾತನಾಡಿಕೊಳ್ಳುತ್ತಿದ್ದರು. ಓಡಲು ದಾರಿಯಿರಲಿಲ್ಲ. ನೋಹ್ ತಿರುಗಿ ನಿಂತು ಜುಲುವಿನಲ್ಲೇ, ಎಲ್ಲರೂ ಸೇರಿ ಬೇರೆ ಯಾರನ್ನಾದರೂ ದೋಚೋಣವೆಂಬ ಸಲಹೆ ನೀಡಿದರು. ಯುವಕರು ತಬ್ಬಿಬ್ಬಾಗಿ, ತಪ್ಪು ತಿಳಿದೆವೆಂದು ಹೇಳಿ ಹೊರಟುಹೋದರು. ಬಣ್ಣ ಬೇರೆಯಾಗಿದ್ದರೂ ನುಡಿ ಒಂದೇ ಆದ ಕೂಡಲೇ ಶತ್ರು ತಮ್ಮವನಾದ. ಮುಂದೆ ಅವರ ವೇದಿಕೆಯ ಹಾಸ್ಯವೆಲ್ಲ ಇದೇ ತತ್ತ್ವದ ಮೇಲೆ ನಿಂತಿತು. ಒಂದು ಉಚ್ಚಾರದಿಂದ ಇನ್ನೊಂದಕ್ಕೆ ಜಿಗಿಯುವುದು, ಒಂದು ಗುಂಪು ಇನ್ನೊಂದರ ಬಗ್ಗೆ ಗುಟ್ಟಾಗಿ ಆಡುವ ಮಾತನ್ನು ಬಯಲಿಗೆ ತರುವುದು, ಕೊನೆಗೆ ಇಬ್ಬರನ್ನೂ ನಗಿಸುವುದು.

ಜೋಹಾನ್ಸ್‌ಬರ್ಗಿನಿಂದ ನ್ಯೂಯಾರ್ಕಿಗೆ

ನೋಹ್ ವೇದಿಕೆ ಏರುವ ಹೊತ್ತಿಗೆ ದಕ್ಷಿಣ ಆಫ್ರಿಕಾದಲ್ಲಿ ಹಾಸ್ಯಕ್ಕೆ ಹೊಸ ನೆಲೆ ಸಿಕ್ಕಿತ್ತು. ವರ್ಣಭೇದದ ಕಾಲದಲ್ಲೇ ಪೀಟರ್-ಡರ್ಕ್ ಯೂಯ್ಸ್ ಸ್ತ್ರೀವೇಷ ಧರಿಸಿ ಅಧಿಕಾರಸ್ಥರನ್ನು ಲೇವಡಿ ಮಾಡಿದ್ದರು. ಆದರೆ ಕರಿಯ ಹಾಸ್ಯಗಾರರಿಗೆ ಮುಕ್ತ ವೇದಿಕೆ ದೊರೆತದ್ದು 1994ರ ಪ್ರಜಾಪ್ರಭುತ್ವದ ನಂತರ. 1996ರ ಸಂವಿಧಾನ 11 ಅಧಿಕೃತ ಭಾಷೆಗಳನ್ನು ಮಾನ್ಯ ಮಾಡಿತು (2023ರಲ್ಲಿ ಸಂಜ್ಞಾ ಭಾಷೆ ಹನ್ನೆರಡನೆಯದಾಯಿತು). ಭಾಷೆಯಿಂದ ಭಾಷೆಗೆ ಸಲೀಸಾಗಿ ಹೊರಳಬಲ್ಲ ಹಾಸ್ಯಗಾರನಿಗೆ ಇದಕ್ಕಿಂತ ಹದವಾದ ನೆಲ ಬೇರೊಂದಿರಲಿಲ್ಲ.

ಆರಂಭ ಸಾಧಾರಣವಾಗಿತ್ತು. 2002ರಲ್ಲಿ 'ಇಸಿಡಿಂಗೊ' ಧಾರಾವಾಹಿಯಲ್ಲಿ ಸಣ್ಣ ಪಾತ್ರ, ನಂತರ ಯುವಜನರ ರೇಡಿಯೊದಲ್ಲಿ ಕಾರ್ಯಕ್ರಮ, ಬಳಿಕ ಕಿರುತೆರೆಯಲ್ಲಿ ನಿರೂಪಣೆ. 2009ರಲ್ಲಿ 'ದಿ ಡೇವಾಕರ್' ಎಂಬ ಏಕವ್ಯಕ್ತಿ ಪ್ರದರ್ಶನ ಹೆಸರು ತಂದಿತು. ಅನುಭವವಿಲ್ಲದ ಹುಡುಗನಿಗೆ ಇಡೀ ಸಂಜೆಯ ವೇದಿಕೆಯೇ ಎಂದು ಹಿರಿಯ ಕಲಾವಿದರಲ್ಲಿ ಕೆಲವರು ಗೊಣಗಿದ್ದೂ ಉಂಟು. 2010ರಲ್ಲಿ ಎಂ-ನೆಟ್ ವಾಹಿನಿಯಲ್ಲಿ 'ಟುನೈಟ್ ವಿತ್ ಟ್ರೆವರ್ ನೋಹ್' ಆರಂಭವಾಯಿತು.

ಇದೇ ಅವಧಿಯಲ್ಲಿ ಮನೆಯಲ್ಲಿ ದುರಂತವೊಂದು ನಡೆದಿತ್ತು. 2009ರಲ್ಲಿ ಮಲತಂದೆ ತಾಯಿಯ ತಲೆಗೆ ಗುಂಡು ಹಾರಿಸಿದ. ಆಕೆ ಬದುಕುಳಿದದ್ದು ಪವಾಡವೇ ಸರಿ. ಆತನ ಅಪರಾಧ ಸಾಬೀತಾದರೂ ಸೆರೆವಾಸವಾಗಲಿಲ್ಲ. ಆಸ್ಪತ್ರೆಯ ಹಾಸಿಗೆಯಲ್ಲಿ ಅಳುತ್ತಿದ್ದ ಮಗನಿಗೆ ತಾಯಿ, ಇನ್ನು ಮುಂದೆ ಮನೆಯಲ್ಲಿ ಅತ್ಯಂತ ಸುಂದರ ಮುಖ ನಿನ್ನದೇ ಎಂಬರ್ಥದ ಮಾತು ಹೇಳಿ ನಗಿಸಿದರೆಂದು ಆತ್ಮಕಥನ ಹೇಳುತ್ತದೆ. ನೋವನ್ನು ನಗೆಯಾಗಿಸುವ ವಿದ್ಯೆಯನ್ನು ಅವರು ಕಲಿತದ್ದು ಯಾವ ರಂಗಶಾಲೆಯಲ್ಲೂ ಅಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

2011ರಲ್ಲಿ ಅಮೆರಿಕಕ್ಕೆ ತೆರಳಿದ ನೋಹ್, ಮರುವರ್ಷ ಜೇ ಲೆನೊ ಅವರ 'ದಿ ಟುನೈಟ್ ಶೋ'ದಲ್ಲಿ ಹಾಸ್ಯ ಪ್ರದರ್ಶಿಸಿದ ಮೊದಲ ದಕ್ಷಿಣ ಆಫ್ರಿಕನ್ ಎನಿಸಿಕೊಂಡರು. 2014ರ ಡಿಸೆಂಬರ್‌ನಲ್ಲಿ ಕಾಮಿಡಿ ಸೆಂಟ್ರಲ್ ವಾಹಿನಿಯ 'ದಿ ಡೈಲಿ ಶೋ' ಬಳಗ ಸೇರಿದರು. 2015ರ ಮಾರ್ಚ್‌ನಲ್ಲಿ ಜಾನ್ ಸ್ಟೀವರ್ಟ್ ಅವರ ಉತ್ತರಾಧಿಕಾರಿಯಾಗಿ ಅವರ ಹೆಸರು ಪ್ರಕಟವಾದಾಗ ಅಮೆರಿಕನ್ನರೇ ಚಕಿತರಾದರು. 1999ರಿಂದ ಸ್ಟೀವರ್ಟ್ ಬೆಳೆಸಿದ್ದ ಆ ಕಾರ್ಯಕ್ರಮ ವಿದ್ಯಾವಂತ ಯುವಜನರ ಪಾಲಿಗೆ ಸುದ್ದಿವಾಹಿನಿಗೇ ಪರ್ಯಾಯವಾಗಿತ್ತು. ಅಲ್ಲಿ ಕೂರಲು ಅಮೆರಿಕದಲ್ಲಿ ಹುಟ್ಟಿ ಬೆಳೆಯದವನೊಬ್ಬ ಸಿದ್ಧನಾಗಿದ್ದ.

ಹೊರಗಿನವನ ಕಣ್ಣು

2015ರ ಸೆಪ್ಟೆಂಬರ್ 28ರಂದು ಕಾರ್ಯಕ್ರಮ ಆರಂಭಿಸಿದ ನೋಹ್ ಕೆಲವೇ ದಿನಗಳಲ್ಲಿ ತಮ್ಮ ಬಗೆ ಬೇರೆಯೆಂದು ತೋರಿಸಿದರು. ಆಗ ಅಧ್ಯಕ್ಷ ಸ್ಥಾನದ ಆಕಾಂಕ್ಷಿಯಾಗಿದ್ದ ಡೊನಾಲ್ಡ್ ಟ್ರಂಪ್ ಅವರ ಆತ್ಮಪ್ರಶಂಸೆಯ ಮಾತುಗಳನ್ನು ಇದಿ ಅಮೀನ್, ಗಡಾಫಿ, ಮುಗಾಬೆ ಮುಂತಾದ ಆಫ್ರಿಕದ ಆಡಳಿತಗಾರರ ಮಾತುಗಳ ಪಕ್ಕದಲ್ಲಿಟ್ಟು ಹೋಲಿಸಿದರು. ಅಮೆರಿಕದ ಪತ್ರಕರ್ತರು ಟ್ರಂಪ್ ಅವರನ್ನು ಅಪರೂಪದ ವಿದ್ಯಮಾನವೆಂದು ಬಣ್ಣಿಸುತ್ತಿದ್ದಾಗ, ಆಫ್ರಿಕದಿಂದ ಬಂದವನಿಗೆ ಅದು ಚಿರಪರಿಚಿತ ನಾಟಕವಾಗಿ ಕಂಡಿತ್ತು. ಹೊರಗಿನವನಾಗಿದ್ದೇ ಇಲ್ಲಿ ಅನುಕೂಲವಾಯಿತು. ಏಕೆಂದರೆ ಹೋಲಿಕೆಯ ಒಂದು ಬದಿಯನ್ನು ಅವರು ಹುಟ್ಟಿನಿಂದಲೇ ಬಲ್ಲವರಾಗಿದ್ದರು.

2020ರ ಮೇ ತಿಂಗಳಲ್ಲಿ ಜಾರ್ಜ್ ಫ್ಲಾಯ್ಡ್ ಪೊಲೀಸ್ ದೌರ್ಜನ್ಯಕ್ಕೆ ಬಲಿಯಾದ ಬಳಿಕ, ಮನೆಯಿಂದಲೇ ಚಿತ್ರೀಕರಿಸಿದ ಸುಮಾರು 18 ನಿಮಿಷಗಳ ಮಾತಿನಲ್ಲಿ ನೋಹ್ ನಗಿಸಲು ಯತ್ನಿಸಲೇ ಇಲ್ಲ. ಸಮಾಜವೆಂಬುದು ಒಂದು ಒಪ್ಪಂದ. ಆಳುವವರೇ ಅದನ್ನು ಮುರಿದ ಮೇಲೆ ಬಡವ ಮಾತ್ರ ಏಕೆ ಪಾಲಿಸಬೇಕು ಎಂಬುದು ಅವರ ಪ್ರಶ್ನೆಯ ಸಾರಾಂಶ. ಬಾಲ್ಯದಲ್ಲಿ ಪೊಲೀಸರಿಗೆ ಹೆದರಿ ಮನೆಯೊಳಗೆ ಅಡಗಿದ್ದವನಿಗೆ ಈ ಪ್ರಶ್ನೆ ಪುಸ್ತಕದಿಂದ ಬಂದದ್ದಲ್ಲ.

ಎಡವಿದ ಕಡೆಗಳು

ಇನ್ನೊಂದು ಮುಖವನ್ನೂ ನೋಡಬೇಕು. 2015ರಲ್ಲಿ ನೇಮಕ ಪ್ರಕಟವಾದ ಬೆನ್ನಲ್ಲೇ, ಹೆಂಗಸರು ಮತ್ತು ಯಹೂದಿಗಳ ಕುರಿತು ಅವರು ಹಿಂದೆ ಟ್ವಿಟರ್‌ನಲ್ಲಿ ಬರೆದಿದ್ದ ಅಗ್ಗದ ಹಾಸ್ಯ ಟೀಕೆಗೆ ಗುರಿಯಾಯಿತು. 2018ರಲ್ಲಿ, ಆಸ್ಟ್ರೇಲಿಯದ ಮೂಲನಿವಾಸಿ ಮಹಿಳೆಯರನ್ನು ಕುರಿತು 2013ರಲ್ಲಿ ಆಡಿದ್ದ ಮಾತಿನ ದೃಶ್ಯ ಮತ್ತೆ ಹರಿದಾಡಿ, ಅಂಥ ಹಾಸ್ಯವನ್ನು ಇನ್ನು ಮಾಡುವುದಿಲ್ಲವೆಂದು ಅವರು ಹೇಳಬೇಕಾಯಿತು.

ಭಾರತೀಯರಿಗೆ ನೆನಪಿರುವುದು 2019ರ ಪ್ರಕರಣ. ಪುಲ್ವಾಮಾ ದಾಳಿ ಮತ್ತು ಬಾಲಾಕೋಟ್ ಕಾರ್ಯಾಚರಣೆಯ ನಂತರ ಉಭಯ ದೇಶಗಳು ಯುದ್ಧದ ಅಂಚಿನಲ್ಲಿದ್ದಾಗ, ಭಾರತ-ಪಾಕಿಸ್ತಾನ ಯುದ್ಧವಾದರೆ ಅದು ಹಾಡು-ಕುಣಿತಗಳಿಂದ ಕೂಡಿದ ಮನರಂಜನೆಯಾದೀತೆಂದು ಅವರು ಅಣಕಿಸಿದರು. ಆಕ್ರೋಶ ವ್ಯಕ್ತವಾದಾಗ ಕ್ಷಮೆ ಯಾಚಿಸಿದರು. ಜೊತೆಗೆ, ಸಂಘರ್ಷಕ್ಕಿಂತ ತನ್ನ ಹಾಸ್ಯವೇ ಹೆಚ್ಚು ಸುದ್ದಿಯಾಯಿತೆಂದು ಅಚ್ಚರಿಯನ್ನೂ ವ್ಯಕ್ತಪಡಿಸಿದರು. ಆ ಮಾತಿನಲ್ಲಿ ತಥ್ಯವಿಲ್ಲದಿಲ್ಲ. ಆದರೆ ಮೂಲ ದೋಷ ಬೇರೆಯೇ ಇತ್ತು. ಜುಲುವನ್ನು ಅಣಕಿಸುವಾಗ ಅವರು ಜುಲುವಿನಲ್ಲೇ ಮಾತನಾಡುತ್ತಿದ್ದರು. ನಮ್ಮನ್ನು ಅಣಕಿಸುವಾಗ ಅವರ ಬಳಿ ಇದ್ದದ್ದು ಸಿನಿಮಾ ಹಾಡಿನ ಹುಸಿ ಅನುಕರಣೆ ಮಾತ್ರ. ಗಡಿಯ ಹಳ್ಳಿಗಳ ಭಯವಾಗಲಿ, ಯೋಧರ ಮನೆಗಳ ದುಃಖವಾಗಲಿ ಅದರಲ್ಲಿ ಇರಲಿಲ್ಲ.

ಇದಕ್ಕೆ ಪ್ರತಿಯಾಗಿ 2018ರ ಫ್ರಾನ್ಸ್ ಪ್ರಕರಣವನ್ನು ಗಮನಿಸಿ. ಫ್ರಾನ್ಸ್ ವಿಶ್ವಕಪ್ ಫುಟ್‌ಬಾಲ್ ಗೆದ್ದಾಗ, ಆಟಗಾರರಲ್ಲಿ ಹಲವರು ಆಫ್ರಿಕ ಮೂಲದವರೆಂಬ ಕಾರಣಕ್ಕೆ, ಆಫ್ರಿಕವೇ ಗೆದ್ದಿತೆಂದು ನೋಹ್ ವಿನೋದವಾಡಿದರು. ಅಮೆರಿಕದಲ್ಲಿದ್ದ ಫ್ರಾನ್ಸ್ ರಾಯಭಾರಿ ಜೆರಾರ್ ಅರೋ ಪತ್ರ ಬರೆದು, ಇದು ಆಟಗಾರರ ಫ್ರೆಂಚ್ ಅಸ್ಮಿತೆಯನ್ನೇ ನಿರಾಕರಿಸುತ್ತದೆಂದು ಆಕ್ಷೇಪಿಸಿದರು. ನೋಹ್ ಆ ಪತ್ರವನ್ನು ಓದಿ ತೋರಿಸಿದರೇ ವಿನಾ ಕ್ಷಮೆ ಕೇಳಲಿಲ್ಲ. ಒಬ್ಬ ವ್ಯಕ್ತಿ ಏಕಕಾಲಕ್ಕೆ ಫ್ರೆಂಚನೂ ಆಫ್ರಿಕನ್ನನೂ ಆಗಿರಬಾರದೇಕೆ ಎಂದು ಮರುಪ್ರಶ್ನೆ ಹಾಕಿದರು. ಇಲ್ಲಿ ಅವರು ನಿಂತಿದ್ದುದು ತಮ್ಮ ಸ್ವಂತ ನೆಲದ ಮೇಲೆ. ಹಾಗಾಗಿ ಕಾಲು ಜಾರಲಿಲ್ಲ.

ಕುರ್ಚಿ ಬಿಟ್ಟ ನಂತರ

ಏಳು ವರ್ಷಗಳ ಬಳಿಕ, 2022ರ ಡಿಸೆಂಬರ್ 8ರಂದು ನೋಹ್ 'ಡೈಲಿ ಶೋ' ತೊರೆದರು. ಮತ್ತೆ ದೇಶದೇಶ ಸುತ್ತಿ ವೇದಿಕೆಯ ಮೇಲೆ ನಿಲ್ಲುವ ಆಸೆ ಅದಕ್ಕೆ ಕಾರಣವಾಗಿತ್ತು. ಕೊನೆಯ ಕಂತಿನಲ್ಲಿ ಅವರು ಕೃತಜ್ಞತೆ ಸಲ್ಲಿಸಿದ್ದು ತಮ್ಮನ್ನು ರೂಪಿಸಿದ ಕಪ್ಪು ಮಹಿಳೆಯರಿಗೆ. 2023ರಲ್ಲಿ ನೆದರ್ಲೆಂಡ್ಸ್‌ನ ಎರಾಸ್ಮಸ್ ಪ್ರಶಸ್ತಿ ಲಭಿಸಿತು. 1965ರಲ್ಲಿ ಚಾರ್ಲಿ ಚಾಪ್ಲಿನ್‌ಗೂ ಸಂದಿದ್ದ ಗೌರವವಿದು. 2021ರಿಂದ ಗ್ರ್ಯಾಮಿ ಪ್ರಶಸ್ತಿ ಸಮಾರಂಭದ ನಿರೂಪಣೆಯನ್ನು ಸತತವಾಗಿ ನಿರ್ವಹಿಸಿದರು.

ಅವರು ಬಿಟ್ಟುಬಂದ ಕ್ಷೇತ್ರ ಮಾತ್ರ ಸಂಕಟದಲ್ಲಿದೆ. ಸ್ಟೀಫನ್ ಕೋಲ್ಬೆರ್ ಅವರ ಕಾರ್ಯಕ್ರಮ 2026ರ ಮೇ ತಿಂಗಳಲ್ಲಿ ಕೊನೆಗೊಳ್ಳಲಿದೆಯೆಂದು ಸಿಬಿಎಸ್ 2025ರ ಜುಲೈನಲ್ಲಿ ಪ್ರಕಟಿಸಿತು. ಕಾರಣ ಹಣಕಾಸಿನದೆಂದು ವಿವರಿಸಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಎಬಿಸಿ ವಾಹಿನಿ ಜಿಮ್ಮಿ ಕಿಮ್ಮೆಲ್ ಅವರ ಕಾರ್ಯಕ್ರಮವನ್ನು ಕೆಲವು ದಿನ ತಡೆಹಿಡಿದು, ಟೀಕೆಗೆ ಮಣಿದು ಮತ್ತೆ ಆರಂಭಿಸಿತು. 2022ರ ಏಪ್ರಿಲ್ 30ರಂದು ಶ್ವೇತಭವನದ ವರದಿಗಾರರ ಔತಣಕೂಟದಲ್ಲಿ ನೋಹ್, ಅಧ್ಯಕ್ಷ ಜೋ ಬೈಡನ್ ಎದುರೇ ಅವರನ್ನು ಲೇವಡಿ ಮಾಡಿ, ಹೀಗೆ ಮಾಡಿಯೂ ತಾನು ಸುರಕ್ಷಿತವಾಗಿ ಮನೆಗೆ ಹೋಗಬಲ್ಲೆನೆಂಬುದರ ಬೆಲೆಯನ್ನು ಪತ್ರಕರ್ತರಿಗೆ ನೆನಪಿಸಿದ್ದರು. ಆ ಮಾತು ಅಂದು ಔಪಚಾರಿಕವಾಗಿ ಕಂಡಿರಬಹುದು. ಇಂದು ಹಾಗೆ ಕಾಣುವುದಿಲ್ಲ.

ಹಾಸ್ಯಗಾರನಿಗೆ ಯಾರನ್ನು ನಗುವ ಹಕ್ಕಿದೆ ಎಂಬ ಪ್ರಶ್ನೆಗೆ ಕಾನೂನಿನ ಮೂಲಕ ಉತ್ತರ ಹುಡುಕುವುದು ಅಪಾಯಕಾರಿ. ಹುಟ್ಟನ್ನೇ ಅಪರಾಧವೆಂದ ಕಾನೂನನ್ನು ಕಂಡ ವ್ಯಕ್ತಿಯ ಬದುಕು ಅದಕ್ಕೆ ಸಾಕಷ್ಟು ಎಚ್ಚರಿಕೆ. ನಗುವ ಸ್ವಾತಂತ್ರ್ಯ ಎಲ್ಲರ ಬಗ್ಗೆಯೂ ಇರಬೇಕು. ಆದರೆ ಆ ನಗೆ ಬೆಲೆ ಬಾಳಬೇಕಾದರೆ ಎದುರಿಗಿರುವವರ ನುಡಿಯನ್ನೂ ನೋವನ್ನೂ ಮೊದಲು ಅರಿತಿರಬೇಕೆಂಬುದನ್ನು ನೋಹ್ ಅವರ ಗೆಲುವು, ಸೋಲು ಎರಡೂ ಹೇಳುತ್ತವೆ. ಅವರು ಮತ್ತೊಮ್ಮೆ ಬೆಂಗಳೂರಿಗೆ ಬಂದರೆ ಧ್ವನಿವರ್ಧಕವನ್ನು ಸರಿಯಾಗಿಡುವ ಹೊಣೆ ನಮ್ಮದು. ನಮ್ಮನ್ನು ಅರಿತು ಮಾತನಾಡುವ ಹೊಣೆ ಅವರದು.